ಕೊಡಗಿನಲ್ಲಿ ಮಳೆಗಾಲ ಶುರುವಾದಾಗಿನಿಂದ ನಮ್ಮ ಬೆಕ್ಕಿನ ಮರಿ ಕಂಬಳಿ ತುಳಿದು ಚೀಪುತ್ತಿದೆ, ಯಾಕೆ?

ಅದು ಕಾಯಿಲೆ ಅಲ್ಲ, ಮರಿ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ರೀತಿ. ಹಾಲು ಕುಡಿಯುವಾಗ ಮರಿಗಳು ತಾಯಿಯ ಹೊಟ್ಟೆಯನ್ನು ಮುಂಗಾಲುಗಳಿಂದ ಒಂದಾದ ಮೇಲೊಂದರಂತೆ ಒತ್ತುತ್ತವೆ. ಹಾಗೆ ಒತ್ತಿದರೆ ಹಾಲು ಸಲೀಸಾಗಿ ಇಳಿಯುತ್ತದೆ. ಒತ್ತುವುದು, ಬೆಚ್ಚಗಿರುವುದು, ಹೊಟ್ಟೆ ತುಂಬುವುದು ಮೂರೂ ಒಟ್ಟಿಗೇ ಆಗುವುದರಿಂದ ಆ ನೆಮ್ಮದಿ ಅಭ್ಯಾಸವಾಗಿ ಉಳಿದುಬಿಡುತ್ತದೆ. ಆಮೇಲೆ ಮೆತ್ತಗಿನ ಕಂಬಳಿ ಸಿಕ್ಕರೂ ಸಾಕು, ಕಣ್ಣು ಅರೆ ಮುಚ್ಚಿ, ಗುರ್‌ಗುರ್ ಎನ್ನುತ್ತಾ ಅದೇ ಕೆಲಸ ಶುರು. ಸುಮಾರು 8 ವಾರಕ್ಕೆ ಮೊದಲೇ ತಾಯಿಯಿಂದ ಬಿಡಿಸಿದ ಮರಿಗಳಲ್ಲಿ ಚೀಪುವ ಚಾಳಿ ಜಾಸ್ತಿ ಕಾಣುತ್ತದೆ.

ಮಳೆಗಾಲದಲ್ಲಿ ಕೊಡಗಿನ ಮನೆಗಳ ತುಂಬಾ ಕಂಬಳಿ, ಸ್ವೆಟರ್‌ಗಳೇ ಅಲ್ವಾ, ನಿಮ್ಮ ಮರಿಗೆ ಈಗ ಹಬ್ಬ! ಸುಮ್ನೆ ಬಿಡಿ, ಬೈಯಬೇಡಿ. ಉಣ್ಣೆಯ ಎಳೆ ಕಿತ್ತು ನುಂಗುತ್ತಿದ್ದರೆ ಮಾತ್ರ ಕಂಬಳಿ ಎತ್ತಿಟ್ಟು ಪಶುವೈದ್ಯರಿಗೆ ತೋರಿಸಿ. ಎಳೆ ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಬೇಕಾಗಬಹುದು.