ವಿಚಾರಣಾ ಸಾಮರ್ಥ್ಯದ ಪರೀಕ್ಷೆಗೆ ಅಣ್ಣನನ್ನು ತಯಾರು ಮಾಡಬೇಡಿ

ವಿಚಾರಣೆಯನ್ನು ಎದುರಿಸಿ ತಮ್ಮ ಪರವಾಗಿ ವಾದಿಸಿಕೊಳ್ಳಲು ಸಮರ್ಥರೇ ಎಂದು ತಿಳಿಯಲು ನ್ಯಾಯಾಲಯವು ನಿಮ್ಮ ಅಣ್ಣನನ್ನು ಮಾನಸಿಕ ಪರೀಕ್ಷೆಗೆ ಕಳುಹಿಸಿದೆ, ಅಲ್ಲಿ ಕೇಳುವ ಪ್ರಶ್ನೆಗಳಿಗೆ ಅವರನ್ನು ಹೇಗೆ ತಯಾರು ಮಾಡಬೇಕು ಎಂದು ಕೇಳಿದ್ದೀರಿ. ದಯವಿಟ್ಟು ತಯಾರು ಮಾಡಲೇಬೇಡಿ. ನಾನು ಮಾಡಿದ್ದೆ.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ. ಹಲ್ಲೆಯ ಆರೋಪದ ಮೇಲೆ ಅವನ ವಿಚಾರಣೆ ಶುರುವಾದಾಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೇ ಜಾರಿಯಲ್ಲಿತ್ತು. ಅದರ 329ನೇ ಕಲಮಿನಂತೆ ನ್ಯಾಯಾಧೀಶರು ಅವನನ್ನು ಮನೋವೈದ್ಯರ ಬಳಿಗೆ ಕಳುಹಿಸಿದರು. ಅಸಮರ್ಥನೆಂದು ಬರೆದುಬಿಟ್ಟರೆ ಮಗ ಬದುಕಿಡೀ ಹುಚ್ಚಾಸ್ಪತ್ರೆಯಲ್ಲೇ ಉಳಿಯುತ್ತಾನೆಂದು ಅಮ್ಮ ಹೆದರಿದರು. ಅದಕ್ಕಾಗಿ ಜೈಲಿಗೆ ಭೇಟಿಗೆ ಹೋದಾಗಲೆಲ್ಲ ನಾನು ಅವನಿಗೆ ಪಾಠ ಒಪ್ಪಿಸುವುದನ್ನು ಕಲಿಸಿದೆ: ತೀರ್ಪು ಕೊಡುವವರು ಯಾರು, ನಮ್ಮ ಪರವಾಗಿ ವಾದಿಸುವವರು ಯಾರು, ಆರೋಪ ಏನು. ಅವನು ಒಂದೂ ತಪ್ಪದಂತೆ ಹೇಳಿದ. ಸಮರ್ಥನೆಂದು ವರದಿ ಬಂತು.

ವಕೀಲರೆಂದರೆ ಯಾರೆಂದು ಹೇಳಬಲ್ಲವನಾಗಿದ್ದ ಆ ತಮ್ಮ, ಅದೇ ವಕೀಲರನ್ನು ಪೊಲೀಸರೇ ಕಳುಹಿಸಿದ್ದಾರೆಂದು ನಂಬಿದ್ದರಿಂದ, ಅವರೊಂದಿಗೆ ಬಾಯಿ ಬಿಡಲಿಲ್ಲ. ಮುಖ್ಯ ಸಾಕ್ಷಿ ಘಟನೆಯ ಹೊತ್ತಿಗೆ ಅಲ್ಲಿರಲೇ ಇಲ್ಲವೆಂಬುದು ಅವನಿಗೆ ಗೊತ್ತಿತ್ತು, ಹೇಳಲಿಲ್ಲ. ಪಾಟೀ ಸವಾಲಿಗೆ ವಕೀಲರ ಕೈಯಲ್ಲಿ ಏನೂ ಇರಲಿಲ್ಲ. ಮುಂದೆ ಅವರೇ ಅರ್ಜಿ ಹಾಕಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗ ಅವನು ಅಸಮರ್ಥನೆಂದು ತೀರ್ಮಾನವಾಯಿತು. ಆದರೆ ಚಿಕಿತ್ಸೆಯಿಂದ ಅವನು ಚೇತರಿಸಿಕೊಂಡು ವಿಚಾರಣೆ ಮುಂದುವರಿಯುವಷ್ಟರಲ್ಲಿ ಆ ಸಾಕ್ಷಿ ತೀರಿಕೊಂಡಿದ್ದರು, ಅವರನ್ನು ಮರಳಿ ಕರೆಸುವ ದಾರಿ ಮುಚ್ಚಿತ್ತು.

ನಾನು ಕಲಿಸಿದ್ದು ಮಾಹಿತಿ. ಪರೀಕ್ಷೆ ಹುಡುಕಬೇಕಾಗಿದ್ದುದು ತನ್ನನ್ನು ತಾನು ಸಮರ್ಥಿಸಿಕೊಳ್ಳುವ ಶಕ್ತಿಯನ್ನು. ಅಮೆರಿಕದ ಸುಪ್ರೀಂ ಕೋರ್ಟ್ 1960ರಷ್ಟು ಹಿಂದೆಯೇ ಡಸ್ಕಿ ಪ್ರಕರಣದಲ್ಲಿ, ಆರೋಪಿಗೆ ಸ್ಥಳ ಕಾಲಗಳ ಅರಿವಿದ್ದು ಘಟನೆ ಅಷ್ಟಿಷ್ಟು ನೆನಪಿದ್ದರೆ ಸಾಲದು, ವಿವೇಕದಿಂದ ವಕೀಲರೊಡನೆ ಸಮಾಲೋಚಿಸುವ ಸಾಮರ್ಥ್ಯ ಈಗ ಇರಬೇಕು ಎಂದು ಹೇಳಿತ್ತು. ನನ್ನ ಪಾಠವು ವೈದ್ಯರಿಗೆ ಕಾಣಬೇಕಾಗಿದ್ದ ಆ ಕೊರತೆಯನ್ನೇ ಮುಚ್ಚಿಹಾಕಿತು.

ಇದನ್ನು ಪಾಸು, ಫೇಲು ಎಂದು ನೋಡುವುದನ್ನೇ ಬಿಡಿ. ಅಸಮರ್ಥರೆಂದು ತೀರ್ಮಾನವಾದರೆ ಅದು ಶಿಕ್ಷೆಯೂ ಅಲ್ಲ, ಬಿಡುಗಡೆಯೂ ಅಲ್ಲ. ಮೇಲ್ನೋಟಕ್ಕೆ ಆರೋಪದಲ್ಲಿ ಹುರುಳಿದ್ದರೆ ಚಿಕಿತ್ಸೆಗಾಗಿ ವಿಚಾರಣೆಯನ್ನು ಮುಂದೂಡುತ್ತಾರೆ, ಇಲ್ಲದಿದ್ದರೆ ನ್ಯಾಯಾಲಯವು ಅವರನ್ನು ಪ್ರಕರಣದಿಂದಲೇ ಕೈಬಿಡಬೇಕು. ಕೃತ್ಯ ನಡೆದ ಕ್ಷಣದ ಮನಃಸ್ಥಿತಿಯ ವಾದವೇ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಪರೀಕ್ಷೆ 368ನೇ ಕಲಮಿನಲ್ಲಿದೆ. ಅಮ್ಮನಿಗಿದ್ದ ಭಯಕ್ಕೆ ಉತ್ತರ 369ನೇ ಕಲಮಿನಲ್ಲಿದೆ: ಒಳರೋಗಿಯಾಗಿ ಇರಿಸುವ ಅಗತ್ಯವಿಲ್ಲದಿದ್ದು, ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇವೆ, ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುತ್ತೇವೆ ಎಂದು ಬಂಧುವೋ ಸ್ನೇಹಿತರೋ ಬರೆದುಕೊಟ್ಟರೆ, ಜಾಮೀನುರಹಿತ ಅಪರಾಧದಲ್ಲಿಯೂ ಜಾಮೀನು ಸಿಗುತ್ತದೆ.

ಅಣ್ಣನ ಚಿಕಿತ್ಸೆಯ ಹಳೆಯ ಚೀಟಿಗಳನ್ನೂ, ಅವರು ವಕೀಲರೊಡನೆ ಹೇಗೆ ಮಾತನಾಡುತ್ತಾರೆ ಅಥವಾ ಮಾತನಾಡುವುದಿಲ್ಲ ಎಂಬುದನ್ನು ವಕೀಲರೇ ಬರೆದ ಟಿಪ್ಪಣಿಯನ್ನೂ ವೈದ್ಯರಿಗೆ ತಲುಪಿಸಿ. ಪರೀಕ್ಷೆ ಅವರ ಮನೆಮಾತಿನಲ್ಲೇ ನಡೆಯಲಿ ಎಂದು ಕೇಳಿ. ವರದಿಯಲ್ಲಿ ಕಾಯಿಲೆಯ ಹೆಸರೋ ಬುದ್ಧಿಮತ್ತೆಯ ಅಂಕವೋ ಮಾತ್ರ ಇದ್ದು, ತಮ್ಮ ಪರವಾಗಿ ವಾದಿಸಿಕೊಳ್ಳಬಲ್ಲರೇ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಸಾಕ್ಷಿಗಳ ಹೇಳಿಕೆ ಆರಂಭವಾಗುವ ಮೊದಲೇ ಅದನ್ನು ಸಲ್ಲಿಸುವಂತೆ ನಿಮ್ಮ ವಕೀಲರಿಗೆ ಹೇಳಿ.