ಹ್ಯಾಂಡ್ ಬ್ರೇಕ್ ವಾಲ್ವ್‌ನಿಂದ ಗಾಳಿ ಸೋರಿಕೆ

ಪ್ರಶ್ನೆ: ಲಾರಿ ಪಾರ್ಕ್ ಮಾಡಿದಾಗ ಹ್ಯಾಂಡ್ ಬ್ರೇಕ್ ವಾಲ್ವ್‌ನ ಎಕ್ಸಾಸ್ಟ್ ತೂತಿನಿಂದ ಗಾಳಿ ಬುಸುಗುಟ್ಟುತ್ತದೆ. ರಿಪೇರಿ ಕಿಟ್ ಹಾಕಿದರೂ ನಿಂತಿಲ್ಲ. ಏಕೆ?

ಉತ್ತರ: ತಪ್ಪು ವಾಲ್ವ್‌ನದೇ ಆಗಿರಬೇಕಿಲ್ಲ. ಚಕ್ರಗಳಿಗೆ ಅಡೆ ಕೊಟ್ಟು, ಹಿಡಿಯನ್ನು ಪಾರ್ಕ್‌ನಲ್ಲೇ ಇಟ್ಟು ಫುಟ್ ಬ್ರೇಕ್ ಒತ್ತಿಸಿ. ಒತ್ತಿದಾಗ ಮಾತ್ರ ಸೋರಿದರೆ, ಸ್ಪ್ರಿಂಗ್ ಬ್ರೇಕ್ ಚೇಂಬರ್‌ನ (ಚಕ್ರದ ಬಳಿ ಬ್ರೇಕ್ ಹಿಡಿಸುವ ಡಬ್ಬಿ) ಎರಡು ಕೋಣೆಗಳ ನಡುವಿನ ಸೀಲ್ ಹೋಗಿದೆ; ಸರ್ವಿಸ್ (ಫುಟ್ ಬ್ರೇಕ್) ಕಡೆಯ ಗಾಳಿ ಪಾರ್ಕಿಂಗ್ ಪೈಪಿನಲ್ಲಿ ಹಿಮ್ಮುಖವಾಗಿ ಬರುತ್ತಿದೆ. ಆಗ ಚೇಂಬರನ್ನೇ ಬದಲಿಸಿ. ಅದರ ಸ್ಪ್ರಿಂಗ್ ಭಾಗವನ್ನು ಎಂದೂ ಬಿಚ್ಚಬೇಡಿ, ಸ್ಪ್ರಿಂಗ್ ಚಿಮ್ಮಿದರೆ ಜೀವವೇ ಹೋಗುತ್ತದೆ.

ಪೆಡಲ್ ಮುಟ್ಟದಿದ್ದರೂ ಸೋರುತ್ತಿದ್ದರೆ ವಾಲ್ವ್‌ನ ಒಳಗಿನ ಇನ್‌ಲೆಟ್ ಸೀಟ್ (ಗಾಳಿ ಒಳಬರುವ ದಾರಿಯನ್ನು ಮುಚ್ಚುವಾಗ ಸೀಲ್ ಕೂರುವ ಅಂಚು) ನೋಡಿ. ಬಿಚ್ಚುವ ಮುನ್ನ ಎಲ್ಲ ಟ್ಯಾಂಕ್‌ಗಳ ಗಾಳಿ 0ಗೆ ಇಳಿಯಲಿ, ಪೈಪ್‌ಗಳಿಗೆ ಗುರುತು ಹಾಕಿ. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಸೀಟ್‌ನಲ್ಲಿ ಉಗುರಿಗೆ ಸಿಗುವಷ್ಟು ಗೀರಿದ್ದರೂ ಹೊಸ ಓ-ರಿಂಗ್ ನಿಲ್ಲದು; ಇಡೀ ವಾಲ್ವ್ ಬದಲಿಸುವುದೇ ಸರಿ. ಕಿಟ್‌ನ ಗ್ರೀಸನ್ನೇ ತೆಳುವಾಗಿ ಸವರಿ, ಬೇರೆ ಗ್ರೀಸಿಗೆ ಕೆಲವು ರಬ್ಬರ್ ಉಬ್ಬುತ್ತದೆ. ಒಳಗೆ ಎಣ್ಣೆ ಜಿಡ್ಡು ಕಂಡರೆ ಏರ್ ಡ್ರೈಯರ್ ಕಾರ್ಟ್ರಿಜ್ (ಗಾಳಿಯ ತೇವ ಹೀರುವ ಫಿಲ್ಟರ್) ಬದಲಿಸಿ, ಕಂಪ್ರೆಸರ್ ಎಣ್ಣೆ ಉಗುಳುತ್ತಿದೆಯೇ ಪರೀಕ್ಷಿಸಿ. ಜೋಡಿಸಿದ ಮೇಲೆ ಟ್ಯಾಂಕ್ ತುಂಬಿಸಿ, ಹಿಡಿಯ ಎರಡೂ ಸ್ಥಾನಗಳಲ್ಲಿ ಸೋಪು ನೀರು ಹಚ್ಚಿ ನೋಡಿ.