ಪಟ್ಟಿ ಕಲೆಸಿದರೆ ಸಾಲದು, ಮುಚ್ಚಿಡಬೇಕು

ನಮಸ್ಕಾರ.

ರ‍್ಯಾಂಡಮ್ ಕ್ಲಿನಿಕಲ್ ಪ್ರಯೋಗಗಳ (ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗಗಳ) ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಆದರೆ ನಿಮ್ಮ ಭಾಷೆ ಸರಾಗವಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತೊಂದರೆ ಇರುವುದು ಮೂರನೆಯ ಪ್ಯಾರಾದಲ್ಲಿ. ಯಾರಿಗೆ ಯಾವ ಔಷಧಿ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುವುದರಿಂದ ಆಯ್ಕೆಯಲ್ಲಿ ಪಕ್ಷಪಾತಕ್ಕೆ ಎಡೆಯೇ ಇಲ್ಲ ಎಂದಿದ್ದೀರಿ. ಲೇಖನವೆಲ್ಲ ಈ ಮಾತಿನ ಮೇಲೆ ನಿಂತಿದೆ, ಮಾತು ತಪ್ಪು. ಕಂಪ್ಯೂಟರ್ ಮಾಡುವುದು ಪಟ್ಟಿ ಮಾತ್ರ. ಪಟ್ಟಿಯ ಮುಂದಿನ ಸಾಲಿನಲ್ಲಿ ಏನಿದೆಯೆಂದು ರೋಗಿಯನ್ನು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ಗೊತ್ತಾದರೆ, ಎಷ್ಟು ಚೆನ್ನಾಗಿ ಕಲೆಸಿದ ಪಟ್ಟಿಯೂ ಕೆಲಸಕ್ಕೆ ಬಾರದು. ಮುಂದಿನದು ಹೊಸ ಔಷಧಿ ಎಂದು ತಿಳಿದವರು ತೀರಾ ಬಳಲಿದ ರೋಗಿಗೆ ‘ನಾಳೆ ಬನ್ನಿ’ ಎನ್ನಬಹುದು. ಅರ್ಹತೆಯ ಯಾವುದೋ ಷರತ್ತು ಹಿಡಿದು ಕೈಬಿಡಲೂಬಹುದು. ಇದಕ್ಕೆ ದುರುದ್ದೇಶ ಬೇಕಿಲ್ಲ. ಮುಂದಿನದು ಹಳೆಯ ಔಷಧಿಯೆಂದು ಗೊತ್ತಿದ್ದಾಗ, ಈ ರೋಗಿಗೆ ಹೊಸ ಔಷಧಿಯೇ ಸಿಗಲಿ ಎಂಬ ಕಾಳಜಿಯಿಂದಲೂ ಹೀಗಾಗುತ್ತದೆ.

1948ರಲ್ಲಿ ಪ್ರಕಟವಾದ, ಬ್ರಿಟನ್ನಿನ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಪ್ರಯೋಗವನ್ನು ನೀವೇ ಉದಾಹರಿಸಿದ್ದೀರಿ. ಆದರೆ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರ ಯಾದೃಚ್ಛಿಕ ಸಂಖ್ಯೆಗಳನ್ನು ಹೊಗಳಿ ಅಲ್ಲಿಗೇ ನಿಲ್ಲಿಸಿದ್ದೀರಿ. ಆ ಸಂಖ್ಯೆಗಳು ಮೊಹರು ಮಾಡಿದ ಲಕೋಟೆಗಳೊಳಗಿದ್ದವು. ಹೊರಗೆ ಆಸ್ಪತ್ರೆಯ ಹೆಸರು, ಒಂದು ಕ್ರಮಸಂಖ್ಯೆ, ಅಷ್ಟೆ. ರೋಗಿಯನ್ನು ತಜ್ಞರ ಸಮಿತಿ ಒಪ್ಪಿಕೊಂಡ ಮೇಲೆಯೇ ಕೇಂದ್ರ ಕಚೇರಿಯಲ್ಲಿ ಲಕೋಟೆ ಒಡೆಯುತ್ತಿದ್ದರು. ಆ ಪ್ರಯೋಗದ ಬಲ ಇರುವುದು ಈ ಕ್ರಮದಲ್ಲಿ. ಅದನ್ನೇ ಬಿಟ್ಟಿದ್ದೀರಿ.

ನಾಲ್ಕರ ಬ್ಲಾಕ್, ಅಂದರೆ ನಾಲ್ಕು ನಾಲ್ಕು ರೋಗಿಗಳ ಕಂತಿನಲ್ಲಿ ಎರಡೂ ಔಷಧಿಗಳನ್ನು ಸಮನಾಗಿ ಹಂಚುವ ಕ್ರಮದ ಬಗ್ಗೆ ಬರೆದದ್ದಕ್ಕೆ ಒಂದು ಲೆಕ್ಕ ಸೇರಿಸಿ. ಪ್ರತಿ ನಾಲ್ವರಲ್ಲಿ ಇಬ್ಬರಿಗೆ ‘ಅ’ ಔಷಧಿ, ಇಬ್ಬರಿಗೆ ‘ಆ’ ಔಷಧಿ ಎಂದರೆ ಸಾಧ್ಯವಿರುವ ಕ್ರಮಗಳು ಆರು. ಯಾರಿಗೆ ಏನು ಸಿಕ್ಕಿತೆಂದು ಕಾಣುವ ಪ್ರಯೋಗದಲ್ಲಿ ನಾಲ್ಕನೆಯದು ಏನೆಂದು ಪ್ರತಿ ಸಲವೂ ಮೊದಲೇ ಗೊತ್ತು. ಮೊದಲ ಎರಡೂ ಒಂದೇ ಆಗಿಬಿಟ್ಟರೆ, ಅಂದರೆ ಆರರಲ್ಲಿ ಎರಡು ಕ್ರಮಗಳಲ್ಲಿ, ಮೂರನೆಯದೂ ಗೊತ್ತು. ಒಟ್ಟು ಮೂರರಲ್ಲಿ ಒಬ್ಬ ರೋಗಿಯ ಗುಂಪನ್ನು, ಪಟ್ಟಿ ಕದ್ದು ನೋಡದೆ, ಬರೀ ರಿಜಿಸ್ಟರ್ ನೋಡಿ ಖಚಿತವಾಗಿ ಹೇಳಬಹುದು. ಆದ್ದರಿಂದಲೇ ಬ್ಲಾಕಿನ ಗಾತ್ರವನ್ನು 4, 6, 8 ಎಂದು ಗೊತ್ತುಗುರಿಯಿಲ್ಲದೆ ಬದಲಿಸುವುದು, ಸೇರಿಸಿಕೊಳ್ಳುವ ವೈದ್ಯರಿಗೆ ಅದನ್ನು ತಿಳಿಸದಿರುವುದು.

ಪಕ್ಷಪಾತ ಯಾವಾಗಲೂ ಹೊಸ ಔಷಧಿಯ ಪರ ಇರುತ್ತದೆ ಎಂದೂ ಬರೆದಿದ್ದೀರಿ. ಒಟ್ಟಾರೆ ಒಲವು ಆ ಕಡೆ ಎಂಬುದು ನಿಜ: ಷುಲ್ಜ್ ಮತ್ತು ಸಂಗಡಿಗರು 1995ರಲ್ಲಿ 250 ಪ್ರಯೋಗಗಳನ್ನು ಹೋಲಿಸಿದಾಗ, ಹಂಚಿಕೆ ಸರಿಯಾಗಿ ಮುಚ್ಚಿಡದ ಕಡೆ ಆಡ್ಸ್ ರೇಶಿಯೊ (ಚಿಕಿತ್ಸೆಯ ಪರಿಣಾಮ ಅಳೆಯುವ ಒಂದು ಅನುಪಾತ) ಸರಾಸರಿ 41 ಪ್ರತಿಶತ ಉತ್ಪ್ರೇಕ್ಷಿತವಾಗಿತ್ತು. ‘ಯಾವಾಗಲೂ’ ಮಾತ್ರ ಸಲ್ಲದು. ರಕ್ತದೊತ್ತಡದ ಔಷಧಿ ಕ್ಯಾಪ್ಟೊಪ್ರಿಲನ್ನು ಹಳೆಯ ಔಷಧಿಗಳಿಗೆ ಹೋಲಿಸಿದ ಸ್ವೀಡನ್, ಫಿನ್ಲೆಂಡಿನ ಪ್ರಯೋಗವನ್ನು (1999) ನೋಡಿ. 10,985 ರೋಗಿಗಳು, 536 ಆರೋಗ್ಯ ಕೇಂದ್ರಗಳು, ಹಂಚಿಕೆ ಲಕೋಟೆಗಳಿಂದ. ಚಿಕಿತ್ಸೆ ಶುರುವಾಗುವ ಮೊದಲೇ ಕ್ಯಾಪ್ಟೊಪ್ರಿಲ್ ಗುಂಪಿನ ರಕ್ತದೊತ್ತಡ ಸುಮಾರು 2 ಮಿಲಿಮೀಟರ್ ಹೆಚ್ಚಿತ್ತು. ಎರಡು ಮಿಲಿಮೀಟರ್ ಸಣ್ಣದೆನಿಸಬಹುದು, ಆದರೆ ಅಷ್ಟು ದೊಡ್ಡ ಗುಂಪುಗಳಲ್ಲಿ ಅದು ಆಕಸ್ಮಿಕವಾಗಿ ಬರುವಂಥದ್ದಲ್ಲ. ಕೊನೆಗೆ ಪಾರ್ಶ್ವವಾಯು ಆ ಗುಂಪಿನಲ್ಲಿ 189, ಇನ್ನೊಂದರಲ್ಲಿ 148. ಇದರಲ್ಲಿ ಔಷಧಿಯ ಪಾಲೆಷ್ಟು, ಮೊದಲೇ ಇದ್ದ ಒತ್ತಡದ ಪಾಲೆಷ್ಟು? ಹಂಚಿಕೆಯಲ್ಲೇ ಎಡವಿದ ಮೇಲೆ ಯಾವ ಅಂಕಿಅಂಶದ ಹೊಂದಾಣಿಕೆಯೂ ಇದನ್ನು ಪೂರ್ತಿ ಬಿಡಿಸಿ ಹೇಳಲಾರದು. ಲೇಖನದ ನಡುಭಾಗಕ್ಕೆ ಇದೇ ತಕ್ಕ ಉದಾಹರಣೆ.

ಲಕೋಟೆ ಸೋರುವುದು ಹೇಗೆಂದು ತೋರಿಸಿ. ತೆಳುವಾದ ಲಕೋಟೆಯನ್ನು ಬಲ್ಬಿನ ಎದುರು ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆ. ನಾಲ್ಕೈದನ್ನು ಒಟ್ಟಿಗೆ ಒಡೆದಿಟ್ಟುಕೊಂಡು, ರೋಗಿ ನೋಡಿ ಚೀಟಿ ಆರಿಸುವುದೂ ಉಂಟು. ಒಳಗೆ ಅಲ್ಯೂಮಿನಿಯಂ ಹಾಳೆ ಇಟ್ಟರೆ ಮೊದಲನೆಯದು ತಪ್ಪುತ್ತದೆ. ಎರಡನೆಯದಕ್ಕೆ ಕಾರ್ಬನ್ ಪೇಪರ್: ಒಡೆಯುವ ಮೊದಲೇ ಲಕೋಟೆಯ ಮೇಲೆ ರೋಗಿಯ ಹೆಸರು, ದಿನಾಂಕ ಬರೆದರೆ ಅದು ಒಳಗಿನ ಚೀಟಿಯ ಮೇಲೂ ಮೂಡುತ್ತದೆ, ಆಮೇಲೆ ಬದಲಿಸಲಾಗದು. ಪಟ್ಟಿ ಮಾಡುವವರು ಬೇರೆ, ರೋಗಿಗಳನ್ನು ಸೇರಿಸಿಕೊಳ್ಳುವವರು ಬೇರೆ ಆಗಿರಬೇಕು. ರೋಗಿಯ ವಿವರ ದಾಖಲಾದ ಮೇಲಷ್ಟೇ ಗುಂಪು ತಿಳಿಸುವ ಕೇಂದ್ರೀಕೃತ ಫೋನ್ ಅಥವಾ ವೆಬ್ ವ್ಯವಸ್ಥೆ ಇದ್ದರೆ ಲಕೋಟೆಯ ಗೋಜೇ ಇಲ್ಲ. ಒಪಿಡಿ ಸಂಖ್ಯೆ ಸರಿಯೋ ಬೆಸವೋ ಎಂದು ನೋಡಿ ಹಂಚುವುದನ್ನು ‘ಸರಳ ರ‍್ಯಾಂಡಮ್ ವಿಧಾನ’ ಎಂದಿದ್ದೀರಿ. ಆ ವಾಕ್ಯ ತೆಗೆಯಿರಿ. ಅಲ್ಲಿ ಮುಂದಿನದು ಏನೆಂದು ಎಲ್ಲರಿಗೂ ಕಾಣುತ್ತದೆ.

ಹಂಚಿಕೆ ಮುಚ್ಚಿಡುವುದನ್ನು ಬ್ಲೈಂಡಿಂಗ್ ಜತೆ ಬೆರೆಸಬೇಡಿ. ಬ್ಲೈಂಡಿಂಗ್, ಅಂದರೆ ಯಾವ ಚಿಕಿತ್ಸೆ ಸಿಕ್ಕಿದೆಯೆಂದು ರೋಗಿಗೋ ವೈದ್ಯರಿಗೋ ತಿಳಿಯದಂತೆ ನೋಡಿಕೊಳ್ಳುವುದು, ಹಂಚಿಕೆಯ ನಂತರದ್ದು. ಶಸ್ತ್ರಚಿಕಿತ್ಸೆಯನ್ನು ಫಿಸಿಯೋಥೆರಪಿಗೆ ಹೋಲಿಸುವಾಗ ಅದು ಬಹುಮಟ್ಟಿಗೆ ಆಗದ ಕೆಲಸ, ಆದರೆ ಹಂಚಿಕೆಯನ್ನು ಆ ಕ್ಷಣದವರೆಗೆ ಮುಚ್ಚಿಡುವುದು ಅಲ್ಲೂ ಸಾಧ್ಯ. ಸ್ವಯಂಸೇವಕರು ಸಾಮಾನ್ಯ ರೋಗಿಗಳಂತಲ್ಲ ಎಂಬ ನಿಮ್ಮ ಕೊನೆಯ ಪ್ಯಾರಾ ಬೇರೆಯೇ ಪ್ರಶ್ನೆ, ಬೇರೆ ಲೇಖನಕ್ಕಿರಲಿ.

ಓದುಗರು ತಾವೇ ಪರೀಕ್ಷಿಸುವ ದಾರಿಯನ್ನೂ ಕೊಡಿ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಾದ ಸಿಟಿಆರ್‌ಐಯಲ್ಲಿ ಯಾವ ಪ್ರಯೋಗವನ್ನು ತೆರೆದರೂ ಪಟ್ಟಿ ತಯಾರಿಸಿದ ವಿಧಾನಕ್ಕೆ ಒಂದು ಸಾಲು, ಮುಚ್ಚಿಟ್ಟ ವಿಧಾನಕ್ಕೆ ಇನ್ನೊಂದು ಸಾಲು ಇರುತ್ತದೆ. ಅದರಲ್ಲಿ ಎರಡನೆಯದನ್ನು ಹೇಗೆ ಓದಬೇಕೆಂದು ಒಂದು ಪ್ಯಾರಾ ಬರೆಯಿರಿ. ಒಟ್ಟು 1,200 ಪದ ಮೀರದಂತೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.

ಸಂಪಾದಕ